ಕ್ಯಾಲಿಫೋರ್ನಿಯಾ ಕತ್ತಲಾದಾಗ ತಪ್ಪು ಯಾರದ್ದು, ಗವರ್ನರ್‌ದಾ ಎನ್ರಾನ್‌ದಾ?

ಓದುಗರ ಪ್ರಶ್ನೆ: 2000–01ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕರೆಂಟ್‌ಗೆ ಹಾಹಾಕಾರ ಎದ್ದಿತ್ತಲ್ಲ, ಅದಕ್ಕೆ ಗವರ್ನರ್ ಗ್ರೇ ಡೇವಿಸ್ ಕಾರಣ ಅಂತ ಕೆಲವರು, ಎನ್ರಾನ್ ಕಂಪನಿ ಕಾರಣ ಅಂತ ಕೆಲವರು ಹೇಳುತ್ತಾರೆ. ಯಾವುದು ನಿಜ? ಅಲ್ಲಿ ನಿಜಕ್ಕೂ ಕರೆಂಟ್ ಇರಲಿಲ್ಲವಾ?

ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳೋಣ. ಗಂಟು ಇರುವುದು ಅಲ್ಲೇ.

2001ರ ಜನವರಿ 17. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಸರದಿ ಮೇಲೆ ಕರೆಂಟ್ ತೆಗೆದರು. ಅಂದ್ರೆ ಲೋಡ್ ಶೆಡ್ಡಿಂಗ್. ಅದೂ ಚಳಿಗಾಲದಲ್ಲಿ! ಆ ರಾಜ್ಯದಲ್ಲಿ ಕರೆಂಟ್ ಜಾಸ್ತಿ ಬೇಕಾಗುವುದು ಬೇಸಿಗೆಯಲ್ಲಿ, ಮನೆಮನೆಯಲ್ಲೂ ಏಸಿ ಓಡುವಾಗ. ರಾಜ್ಯದ ಸ್ಥಾವರಗಳ ಒಟ್ಟು ಸಾಮರ್ಥ್ಯ ಸುಮಾರು 45,000 ಮೆಗಾವ್ಯಾಟ್. ಆ ಚಳಿಗಾಲದಲ್ಲಿ ಬೇಕಾಗಿದ್ದು 30,000ದ ಆಸುಪಾಸು. ಲೆಕ್ಕ ತಾಳೆ ಆಗಲ್ಲ, ಅಲ್ವಾ?

ಒಂದಿಷ್ಟು ಕೊರತೆ ನಿಜಕ್ಕೂ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ವಾಯವ್ಯದ ರಾಜ್ಯಗಳಲ್ಲಿ ಮಳೆ ಕೈಕೊಟ್ಟು, ಅಲ್ಲಿಂದ ಬರುತ್ತಿದ್ದ ಜಲವಿದ್ಯುತ್ ಇಳಿದಿತ್ತು. ನೈಸರ್ಗಿಕ ಅನಿಲದ ಬೆಲೆ ಗಗನಕ್ಕೇರಿತ್ತು. 1990ರ ದಶಕದಲ್ಲಿ ದೊಡ್ಡ ಸ್ಥಾವರಗಳನ್ನು ಕಟ್ಟಿದ್ದೇ ಕಡಿಮೆ. ಇದ್ದ ಹಳೆಯ ಸ್ಥಾವರಗಳು ಬೇಸಿಗೆಯಿಡೀ ಓಡಿ ಓಡಿ ರಿಪೇರಿಗೆ ಬಂದಿದ್ದವು. ಬಾಕಿ ಹಣ ಬರಲಿಲ್ಲ ಅಂತ ಕೆಲವು ಸಣ್ಣ ಉತ್ಪಾದಕರೂ ಯಂತ್ರ ನಿಲ್ಲಿಸಿದ್ದರು. ಇದೆಲ್ಲ ಸರಿ. ಆದರೆ 1999ರ ಡಿಸೆಂಬರ್‌ನಲ್ಲಿ ಯೂನಿಟ್‌ಗೆ ಸರಾಸರಿ 3 ಸೆಂಟ್ ಇದ್ದ ಸಗಟು ಬೆಲೆ ಒಂದೇ ವರ್ಷದಲ್ಲಿ 37 ಸೆಂಟ್ ದಾಟಿತು. ಬರೀ ಮಳೆ ಬರದಿದ್ದರೆ ಬೆಲೆ ಹೀಗೆ ಹನ್ನೆರಡು ಪಟ್ಟು ಏರುವುದಿಲ್ಲ.

ಹಾಗಾದ್ರೆ ಬೆಲೆಯ ಈ ಆಟಕ್ಕೆ ಬಾಗಿಲು ತೆರೆದಿಟ್ಟವರು ಯಾರು? ಕರೆಂಟ್ ವ್ಯಾಪಾರವನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟ 1996ರ ಕಾನೂನು. ಅದಕ್ಕೆ ಸಹಿ ಹಾಕಿದ್ದು ರಿಪಬ್ಲಿಕನ್ ಗವರ್ನರ್ ಪೀಟ್ ವಿಲ್ಸನ್. ಶಾಸನಸಭೆಯಲ್ಲಿ ಅದರ ವಿರುದ್ಧ ಒಂದೂ ಮತ ಬೀಳಲಿಲ್ಲ. ಆಮೇಲೆ ಒಬ್ಬರ ಮೇಲೊಬ್ಬರು ಕೆಸರೆರಚಿದ ಎರಡೂ ಪಕ್ಷದವರು ಅವತ್ತು ಒಟ್ಟಿಗೇ ಕೈ ಎತ್ತಿದ್ದರು. ಮೂರು ದೊಡ್ಡ ಖಾಸಗಿ ವಿತರಣಾ ಕಂಪನಿಗಳು ತಮ್ಮ ಅನಿಲ ಸ್ಥಾವರಗಳಲ್ಲಿ ಹೆಚ್ಚಿನವನ್ನು ಮಾರಿದವು. ಕೊಂಡವು ಹೊರರಾಜ್ಯದ ಕಂಪನಿಗಳು. ಇನ್ನು ಮೇಲೆ ಕರೆಂಟನ್ನು ದಿನದ ಸಂತೆಯಲ್ಲೇ ಕೊಳ್ಳಬೇಕು. ವರ್ಷಗಟ್ಟಲೆಯ ಒಪ್ಪಂದಕ್ಕೆ ಹೆಚ್ಚೂಕಡಿಮೆ ದಾರಿಯೇ ಇರಲಿಲ್ಲ. ಗ್ರಾಹಕರ ದರ ಮಾತ್ರ ಏರಿಸುವ ಹಾಗಿಲ್ಲ. ಕೊಳ್ಳುವ ಬೆಲೆಗೆ ಲಗಾಮು ಸಡಿಲ, ಮಾರುವ ಬೆಲೆಗೆ ಬೀಗ! ಸ್ಯಾನ್ ಡಿಯಾಗೋದಲ್ಲಿ ಆ ಬೀಗ ಮೊದಲೇ ತೆಗೆದಿತ್ತು. 2000ದ ಬೇಸಿಗೆಯಲ್ಲಿ ಅಲ್ಲಿನ ಜನರ ಬಿಲ್ ದುಪ್ಪಟ್ಟು ದಾಟಿತು. ಬೀಗ ಉಳಿದ ಕಡೆ ಕಂಪನಿಯೇ ಮುಳುಗಿತು. ಆ ಮೂರರಲ್ಲೊಂದಾದ ಪಿಜಿ ಅಂಡ್ ಇ 2001ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.

ಇನ್ನು ಎನ್ರಾನ್ ವಿಷಯ. ಕರೆಂಟ್, ಅನಿಲ ಕೊಂಡು ಮಾರುತ್ತಿದ್ದ ಟೆಕ್ಸಸ್‌ನ ಕಂಪನಿ ಅದು. ಅದರ ಪಶ್ಚಿಮ ಭಾಗದ ವಿದ್ಯುತ್ ವಹಿವಾಟು ನಡೆಯುತ್ತಿದ್ದುದು ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಕಚೇರಿಯಿಂದ. ಅಲ್ಲಿನ ಟ್ರೇಡರ್‌ಗಳು ತಮ್ಮ ತಂತ್ರಗಳಿಗೆ ಅಡ್ಡಹೆಸರು ಇಟ್ಟಿದ್ದರು: ಫ್ಯಾಟ್ ಬಾಯ್, ಡೆತ್ ಸ್ಟಾರ್, ರಿಕೋಶೆ, ಗೆಟ್ ಶಾರ್ಟಿ. ಹೆಸರು ಹುಡುಗಾಟದ್ದು, ಕೆಲಸ ಹಾಗಿರಲಿಲ್ಲ.

ರಿಕೋಶೆ ನೋಡಿ. ರಾಜ್ಯದೊಳಗೆ ಸಗಟು ಬೆಲೆಗೆ ಮಿತಿ ಇತ್ತು, ಹೊರಗಿನಿಂದ ತುರ್ತಾಗಿ ತರಿಸುವ ಕರೆಂಟ್‌ಗೆ ಆ ಮಿತಿ ತಾಗುತ್ತಿರಲಿಲ್ಲ. ಟ್ರೇಡರ್ ಕ್ಯಾಲಿಫೋರ್ನಿಯಾದಲ್ಲೇ ಕರೆಂಟ್ ಕೊಂಡು ಗಡಿಯಾಚೆ ದಾಟಿಸುತ್ತಿದ್ದ. ಅದನ್ನೇ ‘ಹೊರಗಿನ ಮಾಲು’ ಅಂತ ಒಳಗೆ ತಂದು ಜಾಸ್ತಿ ಬೆಲೆಗೆ ಮಾರುತ್ತಿದ್ದ. ಹೋದ ಪುಟ್ಟ ಬಂದ ಪುಟ್ಟ, ಬರುವಾಗ ಮಾತ್ರ ಜೇಬು ತುಂಬಿತ್ತು.

ಡೆತ್ ಸ್ಟಾರ್ ಇನ್ನೂ ಸೊಗಸು. ತಂತಿ ಮೇಲೆ ಒತ್ತಡ ಜಾಸ್ತಿಯಾದಾಗ, ಎದುರು ದಿಕ್ಕಿಗೆ ಕರೆಂಟ್ ಕಳಿಸಿ ಒತ್ತಡ ಇಳಿಸುವವರಿಗೆ ಗ್ರಿಡ್ ನಡೆಸುವ ಸಂಸ್ಥೆ ದುಡ್ಡು ಕೊಡುತ್ತಿತ್ತು. ಎನ್ರಾನ್ ಹಾಗೆ ಕಳಿಸುವುದಾಗಿ ಬರೆಸುತ್ತಿತ್ತು. ಅದೇ ಹೊತ್ತಿಗೆ, ಕ್ಯಾಲಿಫೋರ್ನಿಯಾ ಗ್ರಿಡ್‌ನವರ ಕಣ್ಣಿಗೆ ಬೀಳದ ಹೊರಗಿನ ತಂತಿಗಳಲ್ಲಿ ಅಷ್ಟನ್ನೇ ಹೊರಟಲ್ಲಿಗೆ ವಾಪಸ್ ಬರೆಸುತ್ತಿತ್ತು. ಕಾಗದದ ಮೇಲೆ ಒಂದು ಸುತ್ತು, ಅಷ್ಟೇ. ತಂತಿಯ ಒತ್ತಡ ಒಂದು ಚೂರೂ ಇಳಿಯುತ್ತಿರಲಿಲ್ಲ. ದುಡ್ಡು ಮಾತ್ರ ಬರುತ್ತಿತ್ತು.

ಇದು ವಿರೋಧಿಗಳು ಹಬ್ಬಿಸಿದ ಸುದ್ದಿ ಅಲ್ಲ. 2000ದ ಡಿಸೆಂಬರ್‌ನಲ್ಲಿ ಎನ್ರಾನ್‌ನ ವಕೀಲರೇ ಟಿಪ್ಪಣಿ ಬರೆದು ಈ ತಂತ್ರಗಳನ್ನು ವಿವರಿಸಿದ್ದರು. ಅದು ಹೊರಬಿದ್ದಿದ್ದು 2002ರ ಮೇನಲ್ಲಿ. ಆ ವಹಿವಾಟಿನ ಮುಖ್ಯಸ್ಥ ಟಿಮೊಥಿ ಬೆಲ್ಡನ್ ಅದೇ ವರ್ಷ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಇನ್ನಿಬ್ಬರು ಟ್ರೇಡರ್‌ಗಳು ಆಮೇಲಿನ ವರ್ಷಗಳಲ್ಲಿ ಒಪ್ಪಿಕೊಂಡರು.

ಇನ್ನು ರಾಜಕೀಯ. ಡೇವಿಸ್ ಡೆಮಾಕ್ರಟ್, ಅಧಿಕಾರಕ್ಕೆ ಬಂದಿದ್ದು 1999ರಲ್ಲಿ. ಕಾನೂನು ಅವರದ್ದಲ್ಲ, ಆದರೆ ದೀಪ ಆರಿದಾಗ ಕುರ್ಚಿಯಲ್ಲಿ ಕೂತಿದ್ದವರು ಅವರು. ಸಗಟು ಬೆಲೆಗೆ ಕಡಿವಾಣ ಹಾಕುವ ಅಧಿಕಾರ ರಾಜ್ಯಕ್ಕಿರಲಿಲ್ಲ, ಕೇಂದ್ರದ ಫೆರ್ಕ್ ಎಂಬ ನಿಯಂತ್ರಣ ಆಯೋಗಕ್ಕಿತ್ತು. ಡೇವಿಸ್ ಕೇಳುತ್ತಲೇ ಇದ್ದರು. ಬುಷ್ ಸರ್ಕಾರ, ಅದರಲ್ಲೂ ಉಪಾಧ್ಯಕ್ಷ ಡಿಕ್ ಚೇನಿ, ಬೆಲೆ ಮಿತಿ ಬೇಡವೇ ಬೇಡ ಎಂದರು. ಫೆರ್ಕ್ ಇಡೀ ಪಶ್ಚಿಮಕ್ಕೆ ಮಿತಿ ಹಾಕಿದ್ದು 2001ರ ಜೂನ್‌ನಲ್ಲಿ. ಬೆಲೆ ಇಳಿಯಿತು, ಆ ಬೇಸಿಗೆ ಲೋಡ್ ಶೆಡ್ಡಿಂಗ್ ಇಲ್ಲದೆ ಕಳೆಯಿತು. ಜನ ಕರೆಂಟ್ ಉಳಿಸಿದ್ದೂ, ಅನಿಲ ಅಗ್ಗವಾಗಿದ್ದೂ ಕೈ ಜೋಡಿಸಿದವು ಅನ್ನಿ.

ಹಾಗಂತ ಡೇವಿಸ್ ಮೇಲಿನ ದೂರು ಪೂರ್ತಿ ಸುಳ್ಳಲ್ಲ. ದರ ಏರಿಸುವುದೇ ಆದರೆ ಇಪ್ಪತ್ತು ನಿಮಿಷದಲ್ಲಿ ಇದನ್ನು ಬಗೆಹರಿಸಿಬಿಡುತ್ತಿದ್ದೆ ಎಂಬರ್ಥದ ಮಾತು ಅವರದ್ದೇ. ಏರಿಸಲಿಲ್ಲ. ಮತದಾರರ ಭಯ. ಕೊನೆಗೆ 2001ರ ಮಾರ್ಚ್‌ನಲ್ಲಿ ದರ ಏರಲೇಬೇಕಾಯಿತು. ಅಷ್ಟರಲ್ಲಿ ಕಂಪನಿಗಳ ಜೇಬು ಖಾಲಿಯಾಗಿ, ಕರೆಂಟ್ ಕೊಳ್ಳುವ ಕೆಲಸ ಸರ್ಕಾರದ ತಲೆಗೇ ಬಂದಿತ್ತು. ಬೆಲೆ ನೆತ್ತಿಗೇರಿದ ಹೊತ್ತಿನಲ್ಲೇ ಸರ್ಕಾರ ಸುಮಾರು 43 ಬಿಲಿಯನ್ ಡಾಲರ್‌ನ ದೀರ್ಘಾವಧಿ ಒಪ್ಪಂದಗಳಿಗೆ ಸಹಿ ಹಾಕಿತು. ಆಮೇಲೆ ಬೆಲೆ ಕುಸಿಯಿತು, ಒಪ್ಪಂದಗಳು ಕೊರಳಿಗೆ ಉಳಿದವು. ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ.

ನನ್ನ ತೀರ್ಮಾನ ಕೇಳಿದರೆ: ಕದ್ದವರು ಟ್ರೇಡರ್‌ಗಳು. ಬಾಗಿಲಿಲ್ಲದ ಮನೆ ಕಟ್ಟಿದ್ದು 1996ರ ಶಾಸಕರು. ಕೂಗಿದರೂ ತಿಂಗಳುಗಟ್ಟಲೆ ಬರದ ಕಾವಲುಗಾರ ಫೆರ್ಕ್. ಡೇವಿಸ್ ತಪ್ಪು ನಿಧಾನದ್ದು. ಶಿಕ್ಷೆ ಮಾತ್ರ ಅವರಿಗೇ ಮೊದಲು ಆಯಿತು. 2003ರ ಅಕ್ಟೋಬರ್ 7ರಂದು ಜನ ಮತ ಹಾಕಿ ಅವರನ್ನು ಇಳಿಸಿದರು, ನಟ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಬಂದರು. ಬಜೆಟ್ ಕೊರತೆ, ವಾಹನ ತೆರಿಗೆಯ ಸಿಟ್ಟೂ ಅದರಲ್ಲಿ ಸೇರಿತ್ತು.

ಎನ್ರಾನ್ ಟ್ರೇಡರ್‌ಗಳ ಫೋನ್ ರೆಕಾರ್ಡಿಂಗ್‌ಗಳನ್ನು ಜನ ಕೇಳಿದ್ದು ಅದರ ಮುಂದಿನ ವರ್ಷ. ಕ್ಯಾಲಿಫೋರ್ನಿಯಾದ ಅಜ್ಜಿಯರ ದುಡ್ಡು ಹೊಡೆದೆವು ಅಂತ ಅದರಲ್ಲಿ ನಗುತ್ತಿದ್ದರು. 2005ರಲ್ಲಿ ಇನ್ನೊಂದು ಬಂತು. ಆ ಜನವರಿಯ ಕತ್ತಲೆಯ ಹೊತ್ತಿನಲ್ಲೇ ಒಬ್ಬ ಟ್ರೇಡರ್ ಲಾಸ್ ವೇಗಸ್‌ನ ಸ್ಥಾವರಕ್ಕೆ ಫೋನ್ ಮಾಡಿದ್ದಾನೆ. ಸ್ವಲ್ಪ ತಲೆ ಓಡಿಸಿ, ಯಂತ್ರ ನಿಲ್ಲಿಸೋಕೆ ಏನಾದರೂ ಕಾರಣ ಹುಡುಕಿ ಅಂತ ಕೇಳುತ್ತಾನೆ. ಆ ಕಡೆಯವರು ಆಗಲಿ ಅನ್ನುತ್ತಾರೆ.

ಆ ಕರೆಂಟ್ ಖರೀದಿಗೆ ಸರ್ಕಾರ ಎತ್ತಿದ ಸಾಲ ಮಾತ್ರ ಗ್ರಾಹಕರ ಬಿಲ್‌ನಲ್ಲಿ ಒಂದು ಸಾಲಾಗಿ 2020ರವರೆಗೂ ಕೂತಿತ್ತು. ಅದು ತೀರಿದ ಜಾಗಕ್ಕೆ ಈಗ ಕಾಡ್ಗಿಚ್ಚಿನ ನಿಧಿಯ ಶುಲ್ಕ ಬಂದಿದೆ.