ಮುನ್ಸೂಚನೆ ತಪ್ಪಿದ್ದರಿಂದಲೇ ಫಿಟ್ಜ್‌ರಾಯ್ ಪ್ರಾಣ ಕಳೆದುಕೊಂಡರೇ?

ಪ್ರಶ್ನೆ: ಪತ್ರಿಕೆಯಲ್ಲಿ ಮೊಟ್ಟಮೊದಲು ಹವಾಮಾನ ಮುನ್ಸೂಚನೆ ಕೊಟ್ಟವರು ಡಾರ್ವಿನ್ ಪ್ರಯಾಣಿಸಿದ ಹಡಗಿನ ಕಪ್ತಾನರಂತೆ. ತಮ್ಮ ಮುನ್ಸೂಚನೆಗಳು ಸುಳ್ಳಾದ ಅವಮಾನ ತಾಳಲಾರದೆ ಅವರು ಆತ್ಮಹತ್ಯೆ ಮಾಡಿಕೊಂಡರು ಎಂದು ಅಲ್ಲಲ್ಲಿ ಓದಿದ್ದೇನೆ. ಇದು ನಿಜವೇ?

ಉತ್ತರ: ಕಪ್ತಾನರ ವಿಷಯ ನಿಜ. ಅವರು ತಾವಾಗಿ ಜೀವ ಕಳೆದುಕೊಂಡದ್ದೂ ನಿಜ. ಆದರೆ ಈ ಎರಡರ ನಡುವೆ ಹಾಕಿರುವ ಗಂಟು ಮಾತ್ರ ಅಷ್ಟು ಭದ್ರವಾದದ್ದಲ್ಲ. ಅಲ್ಲದೆ, ಪತ್ರಿಕೆಯ ಮುನ್ಸೂಚನೆಯನ್ನೇ ಅವರ ಜೀವನದ ಮುಖ್ಯ ಕೆಲಸವೆಂದು ಭಾವಿಸಿದರೆ, ಅವರು ನಿಜವಾಗಿ ಏನು ಮಾಡಲು ಹೊರಟಿದ್ದರು ಎಂಬುದೇ ಮರೆಯಾಗುತ್ತದೆ. ಅವರಿಗೆ ಬೇಕಾಗಿದ್ದದ್ದು ಬಿರುಗಾಳಿ ಬಂದರಿಗೆ ತಲುಪುವ ಮೊದಲೇ ಅದರ ಸುದ್ದಿಯನ್ನು ತಲುಪಿಸುವುದು.

ರಾಬರ್ಟ್ ಫಿಟ್ಜ್‌ರಾಯ್ 1805ರ ಜುಲೈ 5ರಂದು ಇಂಗ್ಲೆಂಡಿನ ಸಫೊಕ್‌ನಲ್ಲಿ ಹುಟ್ಟಿದರು. ತಂದೆಯ ಕಡೆಯಿಂದ ಅವರದು ಎರಡನೆಯ ಚಾರ್ಲ್ಸ್ ದೊರೆಯ ವಂಶ. ತಾತ ಬ್ರಿಟನ್ನಿನ ಪ್ರಧಾನಿಯಾಗಿದ್ದವರು. ಹನ್ನೆರಡನೆಯ ವಯಸ್ಸಿಗೆ ಪೋರ್ಟ್ಸ್‌ಮತ್‌ನ ನೌಕಾ ಕಾಲೇಜು ಸೇರಿದ ಹುಡುಗ, 1824ರ ಲೆಫ್ಟಿನೆಂಟ್ ಪರೀಕ್ಷೆಯಲ್ಲಿ ಪೂರ್ಣ ಅಂಕ ಗಳಿಸಿ ಪಾಸಾದರು. ಅದುವರೆಗೆ ಯಾರೂ ಹಾಗೆ ಪಾಸಾಗಿರಲಿಲ್ಲ. 1828ರಲ್ಲಿ ದಕ್ಷಿಣ ಅಮೆರಿಕದ ತುದಿಯಲ್ಲಿ ಸಮೀಕ್ಷೆ ನಡೆಸುತ್ತಿದ್ದ ಬೀಗಲ್ ಹಡಗಿನ ಕಪ್ತಾನ ಪ್ರಿಂಗಲ್ ಸ್ಟೋಕ್ಸ್, ಆ ಚಳಿ ಮತ್ತು ಏಕಾಂತದಲ್ಲಿ ಮನಸ್ಸು ಕುಸಿದು ತಾವೇ ಪ್ರಾಣ ತೆಗೆದುಕೊಂಡಿದ್ದರು. ಆ ಜಾಗಕ್ಕೆ ಬಂದ ಫಿಟ್ಜ್‌ರಾಯ್‌ಗೆ ಆಗ ಬರೀ 23 ವರ್ಷ.

ಹಡಗಿನ ಹೊಣೆ ಹೊತ್ತು ಕೆಲವೇ ವಾರಗಳಾಗಿದ್ದವು. 1829ರ ಜನವರಿ ಕೊನೆಯಲ್ಲಿ, ಇಂದಿನ ಉರುಗ್ವೆಯ ಮಾಲ್ಡೊನಾಡೊ ಬಳಿ, ಒಳನಾಡಿನ ಬಯಲುಗಳ ಮೇಲಿಂದ ಹಠಾತ್ತನೆ ಎರಗುವ ಪಾಂಪೆರೊ ಎಂಬ ಬಿರುಗಾಳಿ ಬೀಗಲ್ ಹಡಗನ್ನು ಬಹುಮಟ್ಟಿಗೆ ಮಗುಚಿಯೇ ಹಾಕಿತ್ತು. ಹಾಯಿಕಂಬದ ಮೇಲಿದ್ದ ಇಬ್ಬರು ನಾವಿಕರು ನೀರುಪಾಲಾದರು. ಗಾಳಿ ಬರುವ ಮೊದಲೇ, ವಾಯುಭಾರ ಅಳೆಯುವ ಬ್ಯಾರೋಮೀಟರ್ ಇಳಿದಿತ್ತು. ಕಪ್ತಾನರು ಅದನ್ನು ನೋಡಿಯೂ ಇದ್ದರು, ಆದರೆ ಹಾಯಿಗಳನ್ನು ಬೇಗ ಇಳಿಸಲಿಲ್ಲ. ಈ ತಪ್ಪನ್ನು ಅವರು ಬೇರೆಯವರ ತಲೆಗೆ ಕಟ್ಟದೆ ತಮ್ಮ ಮೇಲೆಯೇ ಹೊತ್ತುಕೊಂಡರು. ನಮ್ಮ ಪತ್ರಿಕೆಗಳು ಮಳೆಗಾಲದಲ್ಲಿ ದಿನವೂ ಬರೆಯುವ ‘ವಾಯುಭಾರ ಕುಸಿತ’ ಆ ಕಪ್ತಾನರ ಪಾಲಿಗೆ ಎರಡು ಜೀವಗಳ ಲೆಕ್ಕವಾಗಿ ಉಳಿಯಿತು. ಅವರ ಹವಾಮಾನ ವಿಜ್ಞಾನದ ಬೇರು ಇಲ್ಲಿದೆ ಎಂಬುದು ನನ್ನ ಎಣಿಕೆ.

1831ರ ಡಿಸೆಂಬರ್ 27ರಿಂದ 1836ರ ಅಕ್ಟೋಬರ್‌ವರೆಗೆ ನಡೆದ ಎರಡನೆಯ ಯಾತ್ರೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. ಒಂಟಿತನ ತನ್ನನ್ನೂ ಸ್ಟೋಕ್ಸ್‌ರ ಹಾದಿಗೆ ಎಳೆಯಬಹುದೆಂಬ ಅಂಜಿಕೆಯಿಂದ, ಊಟದ ಮೇಜಿನಲ್ಲಿ ಮಾತಿಗೆ ಜೊತೆಯಾಗುವ ವಿದ್ಯಾವಂತರೊಬ್ಬರನ್ನು ಫಿಟ್ಜ್‌ರಾಯ್ ಹುಡುಕಿದರು; ಸಿಕ್ಕವರು 22 ವರ್ಷದ ಚಾರ್ಲ್ಸ್ ಡಾರ್ವಿನ್. ಹಡಗಿನಲ್ಲಿ 22 ಕಾಲಮಾಪಕ ಗಡಿಯಾರಗಳಿದ್ದವು. ಫ್ರಾನ್ಸಿಸ್ ಬ್ಯೂಫೋರ್ಟ್ ರೂಪಿಸಿದ ಗಾಳಿಯ ಬಲದ ಅಳತೆಪಟ್ಟಿಯನ್ನು ಅಧಿಕೃತವಾಗಿ ಮೊದಲು ಬಳಸಿದ್ದೂ ಇದೇ ಯಾತ್ರೆಯಲ್ಲಿ. ಸಮೀಕ್ಷೆಗೆ ಎರಡನೆಯ ಹಡಗು ಬೇಕೆನಿಸಿದಾಗ ಅವರು ತಮ್ಮ ಕೈಯಿಂದಲೇ ಹಣ ಹಾಕಿ ಒಂದನ್ನು ಕೊಂಡರು. ನೌಕಾ ಇಲಾಖೆ ಆ ಹಣವನ್ನು ಹಿಂತಿರುಗಿಸಲು ಒಪ್ಪಲಿಲ್ಲ. ಸರ್ಕಾರದ ಕೆಲಸಕ್ಕೆ ಸ್ವಂತ ಗಂಟು ಕರಗಿಸುವ ಈ ಅಭ್ಯಾಸ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ಅನಂತರ ಸಂಸತ್ತಿನ ಸದಸ್ಯತ್ವ, 1843ರ ಕೊನೆಯಿಂದ ಎರಡು ವರ್ಷ ನ್ಯೂಜಿಲೆಂಡಿನ ಗವರ್ನರ್ ಹುದ್ದೆ. ವಲಸಿಗರ ದುಂಡಾವರ್ತಿಗೆ ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳನ್ನು ದಂಡಿಸಲು ಒಪ್ಪದ ಕಾರಣ ವಲಸಿಗರು ತಿರುಗಿಬಿದ್ದರು, ಖಜಾನೆ ಬರಿದಾಗಿತ್ತು, ಲಂಡನ್ ಅವರನ್ನು ವಾಪಸು ಕರೆಸಿಕೊಂಡಿತು.

1853ರಲ್ಲಿ ಬ್ರಸೆಲ್ಸ್‌ನಲ್ಲಿ ಕಡಲಯಾನದ ರಾಷ್ಟ್ರಗಳ ಸಮ್ಮೇಳನ ಸೇರಿ, ಹಡಗುಗಳು ಹವಾಮಾನದ ವಿವರಗಳನ್ನು ಒಂದೇ ಕ್ರಮದಲ್ಲಿ ದಾಖಲಿಸಬೇಕೆಂದು ತೀರ್ಮಾನಿಸಿತು. ಅದರ ಫಲವಾಗಿ ಮರುವರ್ಷ ಬ್ರಿಟನ್ನಿನ ಬೋರ್ಡ್ ಆಫ್ ಟ್ರೇಡ್ ಎಂಬ ಸರ್ಕಾರಿ ಇಲಾಖೆಯಲ್ಲಿ ಒಂದು ಪುಟ್ಟ ಹವಾಮಾನ ವಿಭಾಗ ತೆರೆದು, ಫಿಟ್ಜ್‌ರಾಯ್ ಅವರನ್ನು ಮುಖ್ಯಸ್ಥರನ್ನಾಗಿ ನೇಮಿಸಲಾಯಿತು. ಇಂದಿನ ಬ್ರಿಟಿಷ್ ಮೆಟ್ ಆಫೀಸ್‌ನ ಮೂಲ ಇದೇ. ಅಂಕಿಅಂಶ ಸಂಗ್ರಹಿಸುವುದಷ್ಟೇ ಆ ವಿಭಾಗಕ್ಕೆ ಒಪ್ಪಿಸಿದ ಕೆಲಸ. ನಾಳೆಯ ಹವೆ ಹೇಗಿರುತ್ತದೆಂದು ಹೇಳಿ ಎಂದು ಯಾರೂ ಕೇಳಿರಲಿಲ್ಲ. ಅವರ ಜೊತೆಗಿದ್ದದ್ದು ಬೆರಳೆಣಿಕೆಯ ಗುಮಾಸ್ತರು. ಆದರೂ ಬಡ ಮೀನುಗಾರರ ಹಳ್ಳಿಗಳಿಗೆ ಬ್ಯಾರೋಮೀಟರ್‌ಗಳನ್ನು ಕೊಡಿಸಿ, ಅದನ್ನು ಓದುವ ಬಗೆಯನ್ನು ಸುಲಭ ಮಾತಿನಲ್ಲಿ ಬರೆದು ಹಂಚುವ ಕೆಲಸವನ್ನು ಅವರು ತಾವಾಗಿ ಮೈಮೇಲೆ ಹಾಕಿಕೊಂಡರು.

ದಿಕ್ಕು ಬದಲಿಸಿದ್ದು 1859ರ ಅಕ್ಟೋಬರ್. ಮೆಲ್ಬೋರ್ನ್‌ನಿಂದ ಚಿನ್ನದ ಗಣಿಗಾರರನ್ನೂ ಅವರ ಗಳಿಕೆಯನ್ನೂ ಹೊತ್ತು ಲಿವರ್‌ಪೂಲ್‌ಗೆ ಬರುತ್ತಿದ್ದ ರಾಯಲ್ ಚಾರ್ಟರ್ ಎಂಬ ಹಡಗು, ಊರು ಇನ್ನೇನು ಬಂತೆನ್ನುವಾಗ, 26ರ ಮುಂಜಾನೆ ವೇಲ್ಸ್‌ನ ಆಂಗಲ್‌ಸೀ ದ್ವೀಪದ ಬಂಡೆಗಳಿಗೆ ಬಡಿದು ಒಡೆಯಿತು. ಸುಮಾರು 450 ಮಂದಿ ಸತ್ತರು. ಅದೇ ಬಿರುಗಾಳಿಗೆ ಬ್ರಿಟನ್ ಸುತ್ತ ನೂರಕ್ಕೂ ಹೆಚ್ಚು ಹಡಗುಗಳು ನಾಶವಾದವು. ಫಿಟ್ಜ್‌ರಾಯ್ ದೀಪಸ್ತಂಭಗಳ ಮತ್ತು ಹಡಗುಗಳ ದಾಖಲೆಗಳನ್ನು ತರಿಸಿ, ಒಂದೊಂದು ಗಳಿಗೆಯಲ್ಲಿ ಗಾಳಿ ಎಲ್ಲಿ ಯಾವ ದಿಕ್ಕಿಗೆ ಬೀಸುತ್ತಿತ್ತು ಎಂಬುದನ್ನು ನಕ್ಷೆಗಳ ಮೇಲೆ ಗುರುತಿಸಿದರು. ಬಿರುಗಾಳಿ ಒಮ್ಮೆಲೇ ಎಲ್ಲೆಡೆ ಎದ್ದಿರಲಿಲ್ಲ. ಅದು ದಕ್ಷಿಣದಿಂದ ಉತ್ತರಕ್ಕೆ ಸಾಗಿತ್ತು, ಸಾಗಲು ಗಂಟೆಗಟ್ಟಲೆ ಹೊತ್ತು ಹಿಡಿದಿತ್ತು. ತಂತಿ ಸಂದೇಶ ಅದೇ ದೂರವನ್ನು ಕ್ಷಣದಲ್ಲಿ ದಾಟುತ್ತದೆ. ಹಾಗಾದರೆ ದಕ್ಷಿಣದ ಬಂದರು ಕಂಡದ್ದನ್ನು ಉತ್ತರದ ಬಂದರಿಗೆ ಮೊದಲೇ ಹೇಳಬಹುದಿತ್ತು.

ಈ ವಾದದ ಬಲದಿಂದ ಅನುಮತಿ ಪಡೆದು, ಕರಾವಳಿಯ ಕೇಂದ್ರಗಳಿಂದ ತಂತಿಯ ಮೂಲಕ ವರದಿ ತರಿಸಿಕೊಳ್ಳುವ ಏರ್ಪಾಡನ್ನು ಮಾಡಿ, 1861ರ ಫೆಬ್ರವರಿ 6ರಂದು ಅವರು ಮೊದಲ ಬಿರುಗಾಳಿ ಎಚ್ಚರಿಕೆ ಹೊರಡಿಸಿದರು. ಎಚ್ಚರಿಕೆ ಬಂದ ಕೂಡಲೇ ಬಂದರಿನವರು ಎತ್ತರದ ಕಂಬಕ್ಕೆ ಕ್ಯಾನ್ವಾಸಿನಿಂದ ಮಾಡಿದ ಆಕೃತಿಗಳನ್ನು ಏರಿಸಬೇಕಾಗಿತ್ತು. ಶಂಕುವಿನ ತುದಿ ಮೇಲಕ್ಕಿದ್ದರೆ ಉತ್ತರದ ಕಡೆಯಿಂದ ಬಿರುಗಾಳಿ, ಕೆಳಕ್ಕಿದ್ದರೆ ದಕ್ಷಿಣದ ಕಡೆಯಿಂದ. ಡ್ರಮ್ಮಿನ ಆಕಾರ ಕಂಡರೆ ಒಂದರ ಹಿಂದೊಂದು ಗಾಳಿ ಬರಲಿದೆ ಎಂದರ್ಥ. ರಾತ್ರಿ ಇದೇ ಆಕೃತಿಗಳನ್ನು ಲಾಂದ್ರಗಳಿಂದ ಸೂಚಿಸುತ್ತಿದ್ದರು. ಅಕ್ಷರ ಬಾರದ ಅಂಬಿಗನೂ ಮೈಲಿ ದೂರದಿಂದ ಓದಿಕೊಳ್ಳಬಹುದಾದ ಭಾಷೆ ಇದು. ಆ ಮೊದಲ ಎಚ್ಚರಿಕೆಯನ್ನು ಟೈನ್ ನದಿಯಿಂದ ಹೊರಟ ಹಡಗುಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ದಿನಗಳ ಬಳಿಕ ಈಶಾನ್ಯ ಕರಾವಳಿಯಲ್ಲಿ ಹಲವು ಹಡಗುಗಳು ಮುಳುಗಿದವು.

ಈ ಶಂಕು ಮತ್ತು ಡ್ರಮ್ಮುಗಳು ನಮಗೂ ಪರಕೀಯವಲ್ಲ. 1864ರ ಅಕ್ಟೋಬರ್‌ನಲ್ಲಿ ಕಲ್ಕತ್ತೆಯನ್ನು ಧ್ವಂಸಗೊಳಿಸಿದ ಚಂಡಮಾರುತದ ನಂತರ, 1865ರಲ್ಲಿ ಅಲ್ಲಿನ ಬಂದರಿಗೆ ಎಚ್ಚರಿಕೆ ಕೊಡುವ ವ್ಯವಸ್ಥೆ ಆರಂಭವಾಯಿತು. ‘ಬಂದರಿನಲ್ಲಿ 3ನೇ ಸಂಖ್ಯೆಯ ಎಚ್ಚರಿಕೆ ಸಂಕೇತ’ ಎಂದು ಮಂಗಳೂರು, ಕಾರವಾರಗಳ ಸುದ್ದಿಯಲ್ಲಿ ಓದುತ್ತೇವಲ್ಲ, ಆ 1ರಿಂದ 11ರವರೆಗಿನ ಸಂಕೇತಗಳ ಹಗಲಿನ ರೂಪವೂ ಕಂಬಕ್ಕೇರಿಸುವ ಶಂಕು ಮತ್ತು ಉರುಳೆಗಳೇ. ರಾತ್ರಿಗೆ ಕೆಂಪು ಮತ್ತು ಬಿಳಿ ದೀಪಗಳು.

ಪತ್ರಿಕೆಯ ಮುನ್ಸೂಚನೆ ಹುಟ್ಟಿದ್ದು ಇದರ ಕವಲಾಗಿ. ಬೆಳಿಗ್ಗೆ ಹತ್ತಕ್ಕೆ ಲಂಡನ್ನಿನ ಪಾರ್ಲಿಮೆಂಟ್ ಬೀದಿಯ ಕಚೇರಿಗೆ ತಂತಿಗಳು ಬಂದು ಬೀಳುತ್ತಿದ್ದವು. ಗುಮಾಸ್ತರು ಎತ್ತರಕ್ಕೂ ಉಷ್ಣಾಂಶಕ್ಕೂ ತಕ್ಕಂತೆ ಅಂಕಿಗಳನ್ನು ತಿದ್ದಿ ನಮೂನೆಯಲ್ಲಿ ತುಂಬುತ್ತಿದ್ದರು. ಮೊದಲ ಪ್ರತಿಯ ಮೇಲೆ ಫಿಟ್ಜ್‌ರಾಯ್ ಅಥವಾ ಅವರ ಸಹಾಯಕರು ತಮ್ಮ ತೀರ್ಮಾನ ಬರೆಯುತ್ತಿದ್ದರು, ಹನ್ನೊಂದಕ್ಕೆ ಅದು ಪತ್ರಿಕೆಗಳಿಗೂ ನೌಕಾ ಇಲಾಖೆಗೂ ಹೊರಡುತ್ತಿತ್ತು. ಎಲ್ಲ ಮುಗಿಯಲು ಒಂದೇ ಗಂಟೆ! 1861ರ ಆಗಸ್ಟ್ 1ರ ಟೈಮ್ಸ್ ಪತ್ರಿಕೆಯಲ್ಲಿ ಅಚ್ಚಾದ ಮೊದಲನೆಯದು ಉತ್ತರ, ಪಶ್ಚಿಮ, ದಕ್ಷಿಣ ಮೂರೂ ಭಾಗಗಳಿಗೆ ಗಾಳಿಯ ದಿಕ್ಕನ್ನೂ ಬಲವನ್ನೂ ಹೇಳಿ, ಎಲ್ಲೆಡೆ ಹವೆ ಹಿತವಾಗಿರುತ್ತದೆ ಎಂದಿತ್ತು.

ಎಚ್ಚರಿಕೆಗೂ ದಿನದ ಮುನ್ಸೂಚನೆಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಬಂದರಿನ ಎಚ್ಚರಿಕೆ ಸುಳ್ಳಾದರೆ ನಾವಿಕ ಒಂದು ದಿನ ಕಳೆದುಕೊಳ್ಳುತ್ತಾನೆ, ನಿಜವಾದರೆ ಜೀವ ಉಳಿಸಿಕೊಳ್ಳುತ್ತಾನೆ. ಪತ್ರಿಕೆಯ ಮುನ್ಸೂಚನೆಯನ್ನು ಓದುತ್ತಿದ್ದವರು ಕೊಡೆ ಹಿಡಿದು ಹೊರಟ ನಗರವಾಸಿಗಳು. ಅವರಿಗೆ ನೆನಪಿರುತ್ತಿದ್ದದ್ದು ತಪ್ಪಿದ್ದು ಮಾತ್ರ. ಅಟ್ಲಾಂಟಿಕ್ ಸಾಗರದ ಮೇಲಿಂದ ಒಂದೂ ವರದಿ ಬರುತ್ತಿರಲಿಲ್ಲ, ಬ್ರಿಟನ್ನಿನ ಹವೆ ಬಹುಪಾಲು ಬರುವುದೋ ಆ ಕಡೆಯಿಂದಲೇ. ಹೀಗಿರುವಾಗ ತಪ್ಪುಗಳು ಆಗದೆ ಇರುವುದು ಸಾಧ್ಯವಿರಲಿಲ್ಲ. ಇದು ಭವಿಷ್ಯ ನುಡಿಯುವ ವಿದ್ಯೆಯಲ್ಲ, ಲೆಕ್ಕ ಹಾಕಿ ತಲುಪಿದ ಅಭಿಪ್ರಾಯವಷ್ಟೇ ಎಂದು ಅವರು 1863ರ ತಮ್ಮ ಹವಾಮಾನ ಗ್ರಂಥದಲ್ಲಿ ಬಿಡಿಸಿ ಬರೆದರೂ, ಮುನ್ಸೂಚನೆ ಅಚ್ಚುಹಾಕುತ್ತಿದ್ದ ಟೈಮ್ಸ್ ಪತ್ರಿಕೆಯೇ ಅವರನ್ನು ಛೇಡಿಸಿತು, ಸಂಸತ್ತಿನಲ್ಲಿ ನಗೆ ಎದ್ದಿತು. ವಿಜ್ಞಾನಿಗಳ ಆಕ್ಷೇಪ ಬೇರೆಯೇ: ಅವರ ತೀರ್ಮಾನಗಳಿಗೆ ಬರೆದಿಟ್ಟ ನಿಯಮಗಳಿಲ್ಲ, ಎಲ್ಲವೂ ಅನುಭವದ ಅಂದಾಜು ಎಂಬುದು. ಈ ಟೀಕೆಯಲ್ಲಿ ಹುರುಳಿತ್ತು ಎಂದು ಒಪ್ಪಬೇಕು.

1865ರ ಏಪ್ರಿಲ್ 30ರ ಭಾನುವಾರ ಬೆಳಿಗ್ಗೆ, ಲಂಡನ್ನಿನ ಅಪ್ಪರ್ ನಾರ್‌ವುಡ್‌ನ ತಮ್ಮ ಮನೆಯಲ್ಲಿ, 59ನೆಯ ವಯಸ್ಸಿನಲ್ಲಿ ಅವರು ತಮ್ಮ ಜೀವವನ್ನು ತಾವೇ ಕೊನೆಗಾಣಿಸಿಕೊಂಡರು. ಟೀಕೆ ಅವರನ್ನು ನೋಯಿಸಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ವಿದೇಶಾಂಗ ಮಂತ್ರಿಯಾಗಿದ್ದ ಅವರ ಸೋದರಮಾವ ಕ್ಯಾಸಲ್‌ರೇ 1822ರಲ್ಲಿ ಇದೇ ರೀತಿ ತೀರಿಕೊಂಡಿದ್ದರು. ಖಿನ್ನತೆ ತನ್ನ ರಕ್ತದಲ್ಲೇ ಇದೆಯೆಂಬ ಭಯ ಫಿಟ್ಜ್‌ರಾಯ್‌ಗೆ ಯೌವನದಿಂದಲೂ ಇತ್ತು. ಮೊದಲ ಪತ್ನಿ 1852ರಲ್ಲಿ, ಹಿರಿಯ ಮಗಳು 1856ರಲ್ಲಿ ತೀರಿಹೋಗಿದ್ದರು. ಆಸ್ತಿ ಕರಗಿತ್ತು, ಕಿವಿ ಮಂದವಾಗುತ್ತಿತ್ತು, ಅತಿಯಾದ ದುಡಿಮೆಯಿಂದ ದೇಹ ಬಳಲಿತ್ತು. ಆದ್ದರಿಂದ ಮುನ್ಸೂಚನೆ ತಪ್ಪಿತು, ಪ್ರಾಣ ಬಿಟ್ಟರು ಎಂಬ ಒಂದು ಸಾಲಿನ ಕಥೆಯನ್ನು ನಾನು ಒಪ್ಪಲಾರೆ. ದೀರ್ಘಕಾಲದ ಕಾಯಿಲೆಯೊಂದಕ್ಕೆ ಅದು ನ್ಯಾಯ ಸಲ್ಲಿಸುವುದಿಲ್ಲ. ಅವರ ಸಾಲ ತೀರಿಸಿ ಕುಟುಂಬಕ್ಕೆ ನೆರವಾಗಲು ಸಾರ್ವಜನಿಕ ನಿಧಿ ಸಂಗ್ರಹಿಸಬೇಕಾಯಿತು.

ಅವರ ಕೆಲಸ ಸೋತಿತೇ ಎಂಬುದಕ್ಕೆ ಉತ್ತರ ಮುಂದಿನ ಎರಡು ವರ್ಷಗಳಲ್ಲಿ ಸಿಗುತ್ತದೆ. ಹವಾಮಾನ ವಿಭಾಗದ ಕೆಲಸವನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ ಸಮಿತಿಯ ನೇತೃತ್ವ ವಹಿಸಿದವರು ಫ್ರಾನ್ಸಿಸ್ ಗಾಲ್ಟನ್. ಡಾರ್ವಿನ್ನರ ಬಂಧು ಎಂಬುದು ಕಾಕತಾಳೀಯ. ಸಮಿತಿ ಫಿಟ್ಜ್‌ರಾಯ್ ಅವರ ಪದ್ಧತಿಗೆ ವೈಜ್ಞಾನಿಕ ಆಧಾರ ಸಾಲದೆಂದಿತು. 1866ರಲ್ಲಿ ದಿನದ ಮುನ್ಸೂಚನೆ ನಿಂತಿತು, ವರ್ಷದ ಕೊನೆಗೆ ಬಿರುಗಾಳಿ ಎಚ್ಚರಿಕೆಯೂ ನಿಂತಿತು. ಕೂಡಲೇ ಬಂದರುಗಳಿಂದ ದೂರುಗಳು ಬಂದವು. ಕಡಲಿಗಿಳಿಯುವವರಿಗೆ ಆ ಶಂಕುಗಳು ಬೇಕಾಗಿದ್ದವು, ವಿಜ್ಞಾನಿಗಳ ತಕರಾರು ಅವರಿಗೆ ಸಂಬಂಧಪಟ್ಟದ್ದಾಗಿರಲಿಲ್ಲ. 1867ರಲ್ಲೇ ಎಚ್ಚರಿಕೆಗಳು ಮತ್ತೆ ಕಂಬವೇರಿದವು. ಪತ್ರಿಕೆಯ ಮುನ್ಸೂಚನೆ ಮರಳಲು 1879ರವರೆಗೆ ಕಾಯಬೇಕಾಯಿತು.