ಸೆನ್ಸಾರ್ ಕಣ್ಣಿಗೆ ಬೀಳದ ಸಾವಿನ ಸುದ್ದಿ

1975ರ ಜೂನ್ ಕೊನೆಯಲ್ಲಿ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾದ ಸಣ್ಣ ಜಾಹೀರಾತುಗಳ ನಡುವೆ ಒಂದು ಸಾವಿನ ಸುದ್ದಿ ಅಚ್ಚಾಯಿತು. ಸತ್ತವರ ಮನೆತನದ ಹೆಸರು ಓಕ್ರಸಿ, ಇನಿಷಿಯಲ್ ಡಿ.ಇ.ಎಂ. ಹೆಂಡತಿ ಟಿ. ರೂತ್, ಮಗ ಎಲ್.ಐ. ಬರ್ಟಿ. ಒಡಹುಟ್ಟಿದವರು ಫೇತ್, ಹೋಪ್, ಜಸ್ಟೀಸಿಯಾ. ತೀರಿಕೊಂಡ ದಿನ ಜೂನ್ 26.

ಇಂಗ್ಲಿಷಿನಲ್ಲಿ ಕೂಡಿಸಿ ಓದಿ: ಸತ್ತದ್ದು ಡೆಮಾಕ್ರಸಿ, ವಿಧವೆಯಾದದ್ದು ಟ್ರೂತ್, ತಬ್ಬಲಿಯಾದದ್ದು ಲಿಬರ್ಟಿ. ತುರ್ತುಪರಿಸ್ಥಿತಿಗೆ ಅಂಕಿತ ಬಿದ್ದದ್ದು 25ರ ರಾತ್ರಿ, ದೇಶಕ್ಕೆ ಗೊತ್ತಾದದ್ದು 26ರ ಬೆಳಿಗ್ಗೆ. ಜೊತೆಗೇ ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು.

ಸಾವಿನ ಜಾಹೀರಾತಿಗೊಂದು ಸಿದ್ಧ ಅಚ್ಚು ಇದೆ: ಹೆಸರು, ಸಂಬಂಧ, ತಾರೀಕು. ಮುಂಬಯಿಯ ಪತ್ರಿಕೆಯಲ್ಲಿ ಕ್ರೈಸ್ತ ಹೆಸರುಗಳು ದಿನವೂ ಕಾಣುವಂಥವು. ಮಂಗಳೂರು, ಉಡುಪಿಯ ಓದುಗರಿಗೂ ಇದು ಹೊಸತಲ್ಲ. ಅಣಕ ಆ ಅಚ್ಚನ್ನು ಎಲ್ಲೂ ಮುರಿಯಲಿಲ್ಲ. 'ತೀರಿಕೊಂಡರು' ಇದ್ದಲ್ಲಿ 'ಕೊಲೆಯಾದರು' ಎಂದು ಹಾಕಿದ್ದರೆ ಯಾರಾದರೂ ಎರಡನೇ ಸಲ ಓದುತ್ತಿದ್ದರು, ಅಲ್ಲಿಗೆ ಆಟ ಮುಗಿಯುತ್ತಿತ್ತು.

ನೇರ ದಾರಿ ಹಿಡಿದವರಿಗೆ ಈ ಅನುಕೂಲ ಇರಲಿಲ್ಲ. ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಖಾಲಿ ಜಾಗ ದೂರದಿಂದಲೇ ಕಾಣುತ್ತದಲ್ಲ! ಸಂಪಾದಕೀಯ ಖಾಲಿ ಬಿಡಬಾರದು, ಗಾಂಧಿ, ಟ್ಯಾಗೋರರ ಮಾತುಗಳಿಂದ ತುಂಬಿಸಲೂಬಾರದು ಎಂದು ಸೂಚನೆ ಬಂತು. ಗಾಂಧಿಯ ಮಾತಿಗೇ ಕತ್ತರಿ ಹಾಕಬೇಕಾದ ಸರ್ಕಾರದ ಪಾಡು ಯಾವ ಅಣಕಕ್ಕೂ ಕಡಿಮೆಯಿರಲಿಲ್ಲ.

1948ರಲ್ಲಿ 'ನನ್ನನ್ನೂ ಬಿಡಬೇಡಿ' ಎಂದು ನೆಹರೂ ಅವರಿಂದಲೇ ಹೇಳಿಸಿಕೊಂಡು ಹೊರಟ ವ್ಯಂಗ್ಯಚಿತ್ರಗಳ ವಾರಪತ್ರಿಕೆ ಶಂಕರ್ಸ್ ವೀಕ್ಲಿ 1975ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಸರ್ವಾಧಿಕಾರಕ್ಕೆ ನಗು ತಾಳುವುದಿಲ್ಲ, ಜನ ಸರ್ವಾಧಿಕಾರಿಯನ್ನೇ ನೋಡಿ ನಕ್ಕುಬಿಟ್ಟಾರು ಎಂಬರ್ಥದ ಬೀಳ್ಕೊಡುಗೆಯ ಬರಹ ಅದರಲ್ಲಿತ್ತು.

ಆದರೂ ಡಿಸೆಂಬರಿನಲ್ಲಿ ಅಬು ಅಬ್ರಹಾಂ ಅವರ ವ್ಯಂಗ್ಯಚಿತ್ರವೊಂದು ಇಂಡಿಯನ್ ಎಕ್ಸ್‌ಪ್ರೆಸ್ಸಿನಲ್ಲಿ ಹೊರಬಂತು. ಸ್ನಾನದ ತೊಟ್ಟಿಯಲ್ಲಿ ಮುಳುಗಿರುವ ರಾಷ್ಟ್ರಪತಿ, ಅರೆತೆರೆದ ಬಾಗಿಲಿನಿಂದ ಒಳಚಾಚಿದ ಒಂದು ಕೈ, ಅದಕ್ಕೆ ಕೊಡುತ್ತಿರುವ ರುಜು ಹಾಕಿದ ಕಾಗದ. ಇನ್ನೂ ಸುಗ್ರೀವಾಜ್ಞೆಗಳಿದ್ದರೆ ಸ್ವಲ್ಪ ಕಾಯಲು ಹೇಳಿ, ಅನ್ನುತ್ತಾರೆ ಅವರು. ಬೈಗುಳವಿಲ್ಲ, ಆರೋಪವಿಲ್ಲ, ಮೈಮೇಲೆ ಬಟ್ಟೆಯಿಲ್ಲದ ಹೊತ್ತಲ್ಲೂ ರುಜು ಹಾಕಬೇಕಾದ ಗಡಿಬಿಡಿಯಷ್ಟೇ. ಬರೆದವರು ಆಗ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದರು ಎಂಬುದನ್ನೂ ಮರೆಯಬಾರದು.

ಅವರ ಎಲ್ಲ ಚಿತ್ರಗಳಿಗೂ ಈ ಅದೃಷ್ಟ ಇರಲಿಲ್ಲ. ಸೆನ್ಸಾರ್ ತಡೆದವು 1977ರಲ್ಲಿ, ಚುನಾವಣೆ ಮುಗಿದ ಮೇಲೆ, ಪುಸ್ತಕವಾಗಿ ಓದುಗರ ಕೈಗೆ ಬಂದವು.