ಹೊಳೆ, ಹೀತ್, ಕಾಡು: ಸಫೋಕ್‌ನ ಸಪಾಟು ದಾರಿಗಳ ಹಿಂದಿರೋ ಹಳೇ ಜಗಳ

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ನನಗೆ ತಲೆಗೇ ಹೋಗದೆ ಇದ್ದ ವಿಷ್ಯ ಅಂದ್ರೆ ಇದು. ಯಾರದ್ದೋ ಬಾರ್ಲಿ ಹೊಲ, ಪೈರು ಎದೆ ಮಟ್ಟ ಅಲ್ಲದಿದ್ರೂ ಸೊಂಟದ ಮಟ್ಟ ಬಂದಿದೆ, ಅದರ ನಟ್ಟನಡುವೆ ಒಂದು ಮೀಟರ್ ಅಗಲ ಪೈರು ಸವರಿ ದಾರಿ ಬಿಟ್ಟಿದಾರೆ, ಬೇಲಿ ಪಕ್ಕದ ಕಂಬದ ಮೇಲೆ ಒಂದು ಹಳದಿ ಬಾಣ, ಅಷ್ಟೇ. ಕೇಳೋರಿಲ್ಲ, ಬೈಯೋರಿಲ್ಲ. ನಮ್ಮೂರಲ್ಲಿ ಪೈರಿರೋ ಹೊಲಕ್ಕೆ ಹೀಗೆ ಸೀದಾ ನುಗ್ಗಿದ್ರೆ ಏನೇನು ಕೇಳ್ಬೇಕಾಗುತ್ತೆ ಅಂತ ನಿಮಗೇ ಗೊತ್ತು. ಹಂಗಾಗಿ ಮೊದಲ ಸಲ ನಾವು ಮರ್ಯಾದಸ್ಥರ ಥರ ಹೊಲದ ಅಂಚಲ್ಲೇ ಸುತ್ತು ಹಾಕ್ಕೊಂಡು ಹೋದ್ವಿ. ಆಮೇಲೆ ಗೊತ್ತಾಯ್ತು, ನಾವು ಅತಿಕ್ರಮ ಪ್ರವೇಶ ಮಾಡಿದ್ದೇ ಆ ಅಂಚಲ್ಲಿ, ನಡುವೆ ಹೋಗಿದ್ರೆ ಎಲ್ಲಾ ಕಾನೂನುಬದ್ಧ!

ನಾನಿರೋದು ಪೂರ್ವ ಇಂಗ್ಲೆಂಡಿನ ಸಫೋಕ್ ಕೌಂಟಿಯ ಇಪ್ಸ್‌ವಿಚ್ ಕಡೆ. ಪಕ್ಕದ ಮಾರ್ಟ್ಲ್‌ಷಮ್ ಹೀತ್‌ನಲ್ಲಿ 1975ರಿಂದ ದೊಡ್ಡ ಟೆಲಿಕಾಂ ರಿಸರ್ಚ್ ಕ್ಯಾಂಪಸ್ ಇದೆ, ಈಗ ಬಿಟಿ ಕಂಪನೀದು, ಅದರಿಂದಾಗಿ ಈ ಮೂಲೆಯಲ್ಲೂ ನಮ್ಮ ಕಡೆಯ ಐಟಿ ಮಂದಿ ಸಿಗ್ತಾರೆ. ವೀಕೆಂಡ್ ಬಂದ್ರೆ ಎಲ್ರದ್ದೂ ಒಂದೇ ಗೊಣಗಾಟ, ಇಲ್ಲಿ ಬೆಟ್ಟ ಇಲ್ಲ, ಟ್ರೆಕ್ ಇಲ್ಲ, ಏನೂ ಇಲ್ಲ. ನಿಜ, ಸಫೋಕ್ ಅಂದ್ರೆ ಚಪಾತಿ ಲಟ್ಟಿಸಿ ಇಟ್ಟ ಹಾಗೆ. ಆದ್ರೆ ಮಂಡಿ ನೋವಿರೋ ಅಪ್ಪ ಅಮ್ಮ ಊರಿಂದ ಬಂದಾಗ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಸ್ನೇಪ್ ಅನ್ನೋ ಊರಲ್ಲಿ ಹಳೇ ಮಾಲ್ಟ್ ಕಾರ್ಖಾನೆ ಇದೆ, 1965ಕ್ಕೆ ಮಾಲ್ಟ್ ಮಾಡೋದು ನಿಂತು 1967ರಲ್ಲಿ ಅಲ್ಲೇ ಕನ್ಸರ್ಟ್ ಹಾಲ್ ಆಯ್ತು. ಅಲ್ಲಿ ಕಾರ್ ನಿಲ್ಲಿಸಿ ಆಲ್ಡ್ ಹೊಳೆ ಪಕ್ಕದಲ್ಲೇ ಐಕನ್ ಕಡೆ ನಡೆದು, ಟನ್‌ಸ್ಟಲ್ ಕಾಡಿಗೆ ಹೊಕ್ಕು, ಬ್ಲಾಕ್ಸ್‌ಹಾಲ್ ಕಾಮನ್ ಅನ್ನೋ ಕುರುಚಲು ಬಯಲು ದಾಟಿ ವಾಪಸ್ ಬಂದ್ರೆ ಆರೇಳು ಮೈಲಿ. ಏರೇ ಇಲ್ಲ.

ಈ ಆರೇಳು ಮೈಲಿಯಲ್ಲಿ ಕಾಲಡಿಯ ಮಣ್ಣು ಮೂರು ಸಲ ಬದಲಾಗುತ್ತೆ, ಅದರ ಜೊತೆಗೇ ಕಾನೂನೂ ಬದಲಾಗುತ್ತೆ. ಹೊಳೆ ಪಕ್ಕ ನಡೀಬಹುದು ಅನ್ನೋದಕ್ಕೆ ಒಂದು ಕಾರಣ, ಕಾಡಿಗೆ ಇನ್ನೊಂದು, ಹೀತ್ ಅನ್ನೋ ಕುರುಚಲು ಬಯಲಿಗೆ ಮತ್ತೊಂದು. ಯಾರೋ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿದ್ದಲ್ಲ ಇದು.

ಮೊದಲು ಆಗಿದ್ದು ಕಳ್ಕೊಳ್ಳೋ ಕೆಲಸ. ಇಲ್ಲಿ ಕಾಮನ್ ಅಂದ್ರೆ ಹೆಚ್ಚುಕಮ್ಮಿ ನಮ್ಮ ಗೋಮಾಳ, ಆದ್ರೆ ಒಡೆತನ ಸರ್ಕಾರದ್ದಲ್ಲ, ಸಾಮಾನ್ಯವಾಗಿ ಜಮೀನ್ದಾರಂದು, ದನ ಕುರಿ ಮೇಯ್ಸೋದು, ಸೌದೆ ಸೊಪ್ಪು ತರೋದು ಇಷ್ಟು ಹಕ್ಕು ಮಾತ್ರ ಊರವರದ್ದು. ಅದನ್ನೂ ಬೇಲಿ ಹಾಕಿ ಖಾಸಗಿ ಮಾಡ್ಕೊಳ್ಳೋಕೆ (ಇದಕ್ಕೇ ಎನ್‌ಕ್ಲೋಷರ್ ಅಂತಾರೆ) ಪಾರ್ಲಿಮೆಂಟಲ್ಲಿ ಒಂದೊಂದು ಊರಿಗೂ ಒಂದೊಂದು ಮಸೂದೆ ತರ್ತಿದ್ರು. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಮಸೂದೆ ಬಂದ್ವು, 68 ಲಕ್ಷ ಎಕರೆ, ಅಂದ್ರೆ ಇಂಗ್ಲೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಇದು ಸಾಲದು ಅಂತ 1815ರಲ್ಲಿ ಇನ್ನೊಂದು ಕಾನೂನು, ಇಬ್ಬರು ಮ್ಯಾಜಿಸ್ಟ್ರೇಟ್ ಸೇರಿ ಈ ಕಾಲುದಾರಿ ಅನಗತ್ಯ ಅಂದ್ರೆ ಅದನ್ನ ಮುಚ್ಚಬಹುದು. ಆ ಮ್ಯಾಜಿಸ್ಟ್ರೇಟ್‌ಗಳು ಯಾರಪ್ಪಾ ಅಂದ್ರೆ ಬಹುತೇಕ ಅದೇ ಜಮೀನ್ದಾರರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಆಮೇಲೆ ಬಂತು ಶಿಕಾರಿ ಹುಚ್ಚು. ಸಫೋಕ್‌ನ ಕರಾವಳಿ ಮಣ್ಣು ಬರೀ ಮರಳು, ಬೆಳೆ ಅಷ್ಟಕ್ಕಷ್ಟೇ, ಆದ್ರೆ ಫೆಸೆಂಟ್ ಹಕ್ಕಿ ಹೊಡೆಯೋಕೆ ಹೇಳಿ ಮಾಡಿಸಿದ ಜಾಗ. ಲಂಡನ್‌ನಲ್ಲಿ ವಾಲೆಸ್ ಕಲೆಕ್ಷನ್ ಮ್ಯೂಸಿಯಂ ನೋಡಿರ್ತೀರಲ್ಲ, ಅದು ಯಾರ ಹೆಸರಲ್ಲಿದೆಯೋ ಆ ರಿಚರ್ಡ್ ವಾಲೆಸ್ ಐಕನ್ ಹತ್ರದ ಸಡ್‌ಬೋರ್ನ್ ಎಸ್ಟೇಟ್ ಇಟ್ಕೊಂಡಿದ್ದೇ ಶಿಕಾರಿಗೆ. ಹಕ್ಕಿ ಬೆದರುತ್ತೆ ಅಂತ ಜನ ಓಡಾಡಬಾರದು, ಎಲ್ಲಾ ಕಡೆ ‘ಅತಿಕ್ರಮಿಸಿದವರ ಮೇಲೆ ಕೇಸ್’ ಅನ್ನೋ ಬೋರ್ಡು. ತಮಾಷೆ ಅಂದ್ರೆ ಇಂಗ್ಲೆಂಡಲ್ಲಿ ಸುಮ್ನೆ ಒಬ್ಬರ ಜಮೀನೊಳಗೆ ಕಾಲಿಟ್ಟರೆ ಸಾಮಾನ್ಯವಾಗಿ ಅದು ಕ್ರಿಮಿನಲ್ ಅಪರಾಧವೇ ಅಲ್ಲ, ಸಿವಿಲ್ ವ್ಯಾಜ್ಯ ಅಷ್ಟೇ, ಅಂದ್ರೆ ಆ ಬೋರ್ಡು ಒಂದು ಮರದ ಸುಳ್ಳು. ಆದ್ರೆ ಶಿಕಾರಿ ಹಕ್ಕಿಗಳನ್ನ ಕಾಯೋ ಗೇಮ್‌ಕೀಪರ್ ಕೈಯಲ್ಲಿ ದೊಣ್ಣೆ ಇದ್ದಾಗ ಇದನ್ನೆಲ್ಲ ಯಾರು ವಾದ ಮಾಡ್ತಾರೆ.

ಎದುರು ನಿಂತೋರೂ ಇದ್ರು. 1865ರಲ್ಲಿ ಕಾಮನ್‌ಗಳನ್ನ ಉಳಿಸೋಕೆ ಅಂತಾನೇ ಒಂದು ಸೊಸೈಟಿ ಹುಟ್ಕೊಳ್ತು, ಅದರ ಜೊತೆ ಓಡಾಡಿದ ಆಕ್ಟೇವಿಯಾ ಹಿಲ್ ಮುಂದೆ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಕಟ್ಟೋದರಲ್ಲೂ ಇದ್ರು. ಆದ್ರೆ ಎಲ್ರೂ ಹೇಳೋ ಕಥೆ 1932ರದ್ದು. ಏಪ್ರಿಲ್ 24, ಡರ್ಬಿಶೈರ್‌ನ ಕಿಂಡರ್ ಸ್ಕೌಟ್ ಅನ್ನೋ ಗುಡ್ಡಕ್ಕೆ ಬೆನ್ನಿ ರಾತ್‌ಮನ್ ಅನ್ನೋ ಇಪ್ಪತ್ತು ವರ್ಷದ ಹುಡುಗನ ಹಿಂದೆ ನೂರಾರು ಜನ ಬೇಕಂತಾನೇ ನುಗ್ಗಿದ್ರು, ಗೇಮ್‌ಕೀಪರ್‌ಗಳ ಜೊತೆ ಕೈ ಕೈ ಮಿಲಾಯಿಸಿದ್ರು, ಐದು ಜನಕ್ಕೆ ಎರಡರಿಂದ ಆರು ತಿಂಗಳು ಜೈಲಾಯ್ತು. ಗಮನಿಸಿ, ಜೈಲಾಗಿದ್ದು ಗಲಾಟೆ ಮಾಡಿದ್ದಕ್ಕೆ, ಒಳಗೆ ಕಾಲಿಟ್ಟಿದ್ದಕ್ಕಲ್ಲ.

ಒಳ್ಳೆ ಕಥೆನೇ. ಆದ್ರೆ ನನ್ ಲೆಕ್ಕದಲ್ಲಿ ಸಫೋಕ್‌ನಂಥ ಸಪಾಟು ಸೀಮೆಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಅದೇ ವರ್ಷ ಪಾಸಾದ, ಯಾರೂ ಹಾಡಿ ಹೊಗಳದ ಒಂದು ಸಪ್ಪೆ ಕಾನೂನು. ಯಾರ ಅಪ್ಪಣೆನೂ ಕೇಳದೆ, ಕದ್ದುಮುಚ್ಚದೆ, ಜಗಳ ಬಲವಂತ ಇಲ್ಲದೆ ಜನ 20 ವರ್ಷ ಒಂದು ದಾರೀಲಿ ಓಡಾಡಿದ್ರೆ, ಜಮೀನಿನ ಒಡೆಯ ಅದನ್ನ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದಾನೆ ಅಂತ ಲೆಕ್ಕ, ಅಲ್ಲ ಅಂತ ಸಾಬೀತು ಮಾಡೋ ಹೊರೆ ಅವನ ಮೇಲೆ. ಚರ್ಚಿಗೆ ಹೋಗೋ ದಾರಿ, ಮಿಲ್ಲಿಗೆ ಹೋಗೋ ದಾರಿ, ಕೂಲಿಯವರು ಬೆಳಗ್ಗೆ ಎದ್ದು ಫಾರ್ಮಿಗೆ ಹೋಗ್ತಿದ್ದ ದಾರಿ, ಇಂಥವೇ ಇಲ್ಲಿ ತುಂಬಾ. ಐಕನ್‌ನಲ್ಲಿ 654ರಲ್ಲೇ ಬೊಟಾಲ್ಫ್ ಅನ್ನೋ ಸಂತ ಮಠ ಕಟ್ಟಿದ ಅಂತ ಆಂಗ್ಲೋ ಸ್ಯಾಕ್ಸನ್ ದಾಖಲೆ ಹೇಳುತ್ತೆ, ಅವನ ಹೆಸರಿನ ಚರ್ಚು ಇವತ್ತಿಗೂ ಹೊಳೆಗೆ ಚಾಚಿಕೊಂಡಿರೋ ದಿಬ್ಬದ ಮೇಲಿದೆ. ಅಲ್ಲಿಗೆ ಜನ ಎಷ್ಟು ಕಾಲದಿಂದ ನಡೀತಿದಾರೋ ಲೆಕ್ಕ ಇಟ್ಟೋರು ಯಾರು.

1949ರಲ್ಲಿ ಲೇಬರ್ ಸರ್ಕಾರ ನ್ಯಾಷನಲ್ ಪಾರ್ಕ್ ಕಾನೂನು ತಂದಾಗ ಅದರಲ್ಲೇ ಇನ್ನೊಂದು ಕೆಲಸ ಸೇರಿಸ್ತು, ಪ್ರತಿ ಕೌಂಟಿನೂ ತನ್ನ ಎಲ್ಲಾ ಕಾಲುದಾರಿಗಳ ನಕ್ಷೆ ಮಾಡ್ಬೇಕು, ನಕ್ಷೆಗೆ ಹತ್ತಿದ ದಾರಿ ಇಲ್ಲ ಅಂತ ಆಮೇಲೆ ಯಾರೂ ವಾದ ಮಾಡೋ ಹಾಗಿಲ್ಲ. ನಮ್ಮಲ್ಲಿ ಹೊಲದ ದಾರಿ ಜಗಳ ಬಂದಾಗ ‘ನಕಾಶೇಲಿ ದಾರಿ ಇದೆ ನೋಡಿ’ ಅಂತಾರಲ್ಲ, ಅದೇ ಮಾತು. ನಮ್ಮ ಗ್ರಾಮ ಪಂಚಾಯ್ತಿ ಥರದ ಊರೂರಿನ ಪ್ಯಾರಿಷ್ ಕೌನ್ಸಿಲ್‌ಗಳಿಗೆ ಸರ್ವೆ ಮಾಡೋಕೆ ಹೇಳಿದ್ರು, ಕೆಲವರು ಒಂದೊಂದು ಹೆಜ್ಜೆನೂ ಬಿಡದೆ ಬರೆದ್ರು, ಕೆಲವರು ಅಸಡ್ಡೆ ಮಾಡಿದ್ರು. ಆ ಅಸಡ್ಡೆ ಪರಿಣಾಮ ಈಗಲೂ ಕಾಣುತ್ತೆ, ಚೆನ್ನಾಗಿ ಬರ್ತಿರೋ ದಾರಿ ಇದ್ದಕ್ಕಿದ್ದಂಗೆ ಪ್ಯಾರಿಷ್ ಗಡಿಯಲ್ಲಿ ನಿಂತು ಹೋಗುತ್ತೆ, ಆ ಕಡೆಯವರು ಬರೆದಿಲ್ಲ ಅಷ್ಟೇ.

ಆಮೇಲಿನದ್ದೆಲ್ಲ ಸಣ್ಣ ಸಣ್ಣ ರಿಪೇರಿ. ಟಾರ್ ರೋಡಿಂದ ಕಾಲುದಾರಿ ಕವಲೊಡೆಯೋ ಕಡೆ ಕಂಬ ನೆಡ್ಬೇಕು ಅಂತ 1968ರಲ್ಲಿ. ಹೊಲದ ನಡುವಿನ ದಾರಿಯನ್ನ ರೈತ ಉಳಬಹುದು, ಆದ್ರೆ ಬಿತ್ತನೆಗೆ ಅಂತ ಮೊದಲ ಸಲ ಉತ್ತ ಮೇಲೆ 14 ದಿನದೊಳಗೆ ಮತ್ತೆ ದಾರಿ ಮಾಡಿ ಕೊಡ್ಬೇಕು, ಕನಿಷ್ಠ ಒಂದು ಮೀಟರ್ ಅಗಲ, ಇದು 1990ರಲ್ಲಿ. ನನ್ನ ಬಾರ್ಲಿ ಹೊಲದ ಒಗಟು ಬಿಡಿಸಿದ್ದು ಇದೇ. ಬೇಲಿ ಬಂದ ಕಡೆ ಸ್ಟೈಲ್ ಇರುತ್ತೆ, ನಮ್ಮ ಕರಾವಳಿ ಕಡೆಯ ತಡಮೆ ಇದ್ದ ಹಾಗೆ, ಮನುಷ್ಯ ದಾಟಬಹುದು, ದನ ದಾಟೋಕಾಗಲ್ಲ. ಮಂಡಿ ನೋವಿನವರಿಗೆ ಇಡೀ ದಾರೀಲಿ ಕಷ್ಟ ಅಂದ್ರೆ ಇದೊಂದೇ.

ಈಗ ಕಾಡು. ಟನ್‌ಸ್ಟಲ್, ರೆಂಡಲ್‌ಷಮ್ ಈ ಕಾಡುಗಳಲ್ಲಿ ಪೈನ್ ಮರಗಳು ಪೆರೇಡಿಗೆ ನಿಂತ ಹಾಗೆ ಸಾಲಾಗಿ ನಿಂತಿರೋದು ನೋಡಿದ್ರೇ ಗೊತ್ತಾಗುತ್ತೆ ಇದು ನೆಟ್ಟಿದ್ದು ಅಂತ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್‌ಗೆ ಮರದ ಕೊರತೆ ಬಿಸಿ ಚೆನ್ನಾಗೇ ತಟ್ತು, ಗಣಿ ಸುರಂಗಕ್ಕೆ ಆನಿಸೋ ದಿಮ್ಮಿಗೂ ಪರದಾಟ. 1919ರಲ್ಲಿ ಫಾರೆಸ್ಟ್ರಿ ಕಮಿಷನ್ ಮಾಡಿ ಅಗ್ಗಕ್ಕೆ ಸಿಕ್ಕ ಬಡ ಮಣ್ಣಲ್ಲೆಲ್ಲ ಪೈನ್ ನೆಟ್ರು, ಆ ಬಡ ಮಣ್ಣು ಅಂದ್ರೆ ಹೀತ್‌ಗಳೇ. ಅಂದ್ರೆ ಕಾಡು ಬೆಳೆಸೋಕೆ ಹೋಗಿ ಅದಕ್ಕಿಂತ ಅಪರೂಪದ್ದನ್ನ ಕಳ್ಕೊಂಡ್ರು. 1987ರ ಅಕ್ಟೋಬರ್ 16ರ ಬಿರುಗಾಳಿ ಒಂದೇ ರಾತ್ರೀಲಿ ಈ ಕಾಡುಗಳನ್ನ ಕಡ್ಡಿ ಮುರಿದ ಹಾಗೆ ಮಲಗಿಸ್ತು, ಆಮೇಲೆ ನೆಡುವಾಗ ಬುದ್ಧಿ ಕಲಿತು ಅಲ್ಲಲ್ಲಿ ಬಯಲು ಬಿಟ್ರು. ಕಮಿಷನ್ ತನ್ನ ಸ್ವಂತ ಕಾಡುಗಳ ಬಹುಪಾಲನ್ನ ಕಾಲ್ನಡಿಗೆಯವರಿಗೆ ಶಾಶ್ವತವಾಗಿ ಬಿಟ್ಟುಕೊಟ್ಟಿದೆ.

ಹೀತ್ ಕಥೆ ಇನ್ನೂ ವಿಚಿತ್ರ. ನೋಡಿದ್ರೆ ಮನುಷ್ಯ ಕೈಯೇ ಇಡದ ಕಾಡು ಬಯಲು ಅನ್ಸುತ್ತೆ. ಆಗಸ್ಟ್‌ನಲ್ಲಿ ಹೆದರ್ ಅನ್ನೋ ಕುರುಚಲು ಗಿಡ ಅರಳಿ ನೇರಳೆ ಕಂಬಳಿ ಹಾಸಿದ ಹಾಗೆ, ವಸಂತದಲ್ಲಿ ಗಾರ್ಸ್ ಅನ್ನೋ ಮುಳ್ಳುಪೊದೆಯ ಹಳದಿ ಹೂವು, ಬಿಸಿಲು ಬಿದ್ರೆ ಥೇಟ್ ಕೊಬ್ಬರಿ ವಾಸನೆ, ನನ್ನಮ್ಮ ಮೂಗು ಅರಳಿಸಿ ‘ಯಾರು ಬರ್ಫಿ ಮಾಡ್ತಿದಾರೆ ಇಲ್ಲಿ’ ಅಂದಿದ್ರು. ಆದ್ರೆ ಇದು ಮನುಷ್ಯನೇ ಮಾಡಿದ್ದು. ಸಾವಿರಾರು ವರ್ಷದ ಹಿಂದೆ ಮರ ಕಡಿದು, ಆಮೇಲೆ ಕುರಿ ಮೇಯಿಸಿ, ಒಲೆಗೆ ಗಾರ್ಸ್ ಕಡ್ಕೊಂಡು, ಕೊಟ್ಟಿಗೆಗೆ ಜರೀಗಿಡ ಕೊಯ್ಕೊಂಡು ಹೋಗ್ತಾ ಇದ್ದಿದ್ದಕ್ಕೇ ಅದು ಬಯಲಾಗಿ ಉಳೀತು. ಕುರಿ ಹೋದ್ವು, ಒಲೆಗೆ ಕಲ್ಲಿದ್ದಲು ಬಂತು, 1953ರಲ್ಲಿ ಬ್ರಿಟನ್‌ಗೆ ಬಂದ ಮಿಕ್ಸೊಮಟೋಸಿಸ್ ರೋಗಕ್ಕೆ ಮೊಲಗಳೂ ಸತ್ವು, ಮೇಯೋರೇ ಇಲ್ಲ. ಒಂದು ಪಾಲು ಪೈನ್ ಕಾಡಾಯ್ತು, ಒಂದು ಪಾಲು ವಿಮಾನ ನಿಲ್ದಾಣ, ಇನ್ನೊಂದಿಷ್ಟಕ್ಕೆ ಸ್ಪ್ರಿಂಕ್ಲರ್ ಬಂದು ಕ್ಯಾರೆಟ್ಟು ಆಲೂಗಡ್ಡೆ. ಉಳಿದದ್ದು ತುಂಡು ತುಂಡು. ಅದನ್ನ ಹಾಗೇ ಇಡೋಕೆ ಈಗ ವನ್ಯಜೀವಿ ಟ್ರಸ್ಟ್‌ಗಳು ಕುರಿ, ಕುದುರೆ ಮರಿ ಥರದ ಪೋನಿ ತಂದು ಬಿಡ್ತಾರೆ, ಬರ್ಚ್ ಸಸಿ ಕಿತ್ತು ಹಾಕ್ತಾರೆ.

ಇಲ್ಲಿ ದಾರಿ ಬಿಟ್ಟು ಎಲ್ಲಿ ಬೇಕಾದ್ರೂ ಅಲೀಬಹುದು. ಅದು 2000ದ ಕಾನೂನು, ಬೆಟ್ಟ, ಮೂರ್ ಅನ್ನೋ ಎತ್ತರದ ಬಂಜರು ಬಯಲು, ಹೀತ್, ಡೌನ್ ಅನ್ನೋ ಹುಲ್ಲುಗುಡ್ಡ ಮತ್ತೆ ದಾಖಲಾದ ಕಾಮನ್‌ಗಳಿಗೆ ಅನ್ವಯ, ಇಂಗ್ಲೆಂಡಿನ ಪೂರ್ವ ಭಾಗಕ್ಕೆ ಜಾರಿ ಆಗಿದ್ದು 2005ರ ಅಕ್ಟೋಬರ್ 31ಕ್ಕೆ. ನಕ್ಷೆಯಲ್ಲಿ ತಿಳಿ ಹಳದಿ ಬಣ್ಣ ಇದ್ರೆ ಅದೇ. ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಗೆ ಮಾತ್ರ ಸಣ್ಣ ಹಗ್ಗ ಕಡ್ಡಾಯ, ನೈಟ್‌ಜಾರ್ ಥರದ ಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಡ್ತವೆ. ಇಷ್ಟಾದ್ರೂ ಹೀಗೆ ಸ್ವತಂತ್ರವಾಗಿ ಅಲೆಯೋ ಹಕ್ಕಿರೋದು ಇಂಗ್ಲೆಂಡಿನ ಸುಮಾರು ಶೇಕಡಾ 8ರಷ್ಟು ನೆಲದಲ್ಲಿ ಮಾತ್ರ.

ಅದೇ 2000ದ ಕಾನೂನಲ್ಲಿ ಒಂದು ಕೊಕ್ಕೆನೂ ಇತ್ತು. 1949ಕ್ಕಿಂತ ಹಳೇ ದಾರಿಗಳನ್ನ 2026ರೊಳಗೆ ನಕ್ಷೆಗೆ ಸೇರಿಸದೇ ಇದ್ರೆ ಅವು ಹೋದ್ವು ಅಂತಾನೇ. 2020ರಲ್ಲಿ ಕಾಲ್ನಡಿಗೆಯವರ ರ‍್ಯಾಂಬ್ಲರ್ಸ್ ಸಂಸ್ಥೆ ಸಾವಿರಾರು ಜನರನ್ನ ಸೇರಿಸಿ ಹಳೇ ನಕ್ಷೆ ಹೊಸ ನಕ್ಷೆ ಪಕ್ಕಪಕ್ಕ ಇಟ್ಟು ಹುಡುಕಿಸ್ತು, ಇಂಗ್ಲೆಂಡ್ ವೇಲ್ಸ್ ಸೇರಿ 49,000 ಮೈಲಿಗೂ ಹೆಚ್ಚು ದಾರಿ ದಾಖಲೆಯಲ್ಲಿಲ್ಲ ಅಂತ ಲೆಕ್ಕ ಸಿಕ್ತು. ದಾಖಲೆಯಲ್ಲಿರೋದೇ ಸುಮಾರು 1,40,000 ಮೈಲಿ. ಸರ್ಕಾರ 2022ರಲ್ಲಿ ಗಡುವು ತೆಗೀತೀವಿ ಅಂತು, 2023ರಲ್ಲಿ ಇಲ್ಲ 2031ಕ್ಕೆ ಮುಂದೂಡ್ತೀವಿ ಅಂತು, 2024ರ ಡಿಸೆಂಬರಲ್ಲಿ ಹೊಸ ಸರ್ಕಾರ ಮತ್ತೆ ಪೂರ್ತಿ ತೆಗೀತೀವಿ ಅಂತ ಘೋಷಿಸ್ತು. ಅಲ್ಲೀವರೆಗೂ ಹಳೇ ಚರ್ಚ್ ನಕ್ಷೆ, ಎನ್‌ಕ್ಲೋಷರ್ ಕಾಗದ ಹುಡುಕ್ತಾ ಆರ್ಕೈವ್‌ಗಳಲ್ಲಿ ಕೂತಿದ್ದೋರು ಬಹುಪಾಲು ರಿಟೈರ್ಡ್ ಮಂದಿ. ಯಾವ ಕಾಗದ ಹಾಕಿ ಜನರ ದಾರಿ ಮುಚ್ಚಿದ್ರೋ, ಆ ದಾರಿ ಇತ್ತು ಅನ್ನೋದಕ್ಕೆ ಈಗ ಅದೇ ಕಾಗದ ಸಾಕ್ಷಿ.

ಹೋಗೋದಾದ್ರೆ ಕಿತ್ತಳೆ ರಟ್ಟಿನ ಆರ್ಡ್ನೆನ್ಸ್ ಸರ್ವೆ ಎಕ್ಸ್‌ಪ್ಲೋರರ್ ನಕ್ಷೆ ತಗೊಳ್ಳಿ, ನಂಬರ್ 212. ಹಸಿರು ಚುಕ್ಕೆಗೆರೆ ಕಂಡಲ್ಲೆಲ್ಲ ಧೈರ್ಯವಾಗಿ ನಡೀರಿ. ಹಾಂ, ಆಲ್ಡ್ ಹೊಳೆಗೆ ಸಮುದ್ರದ ಉಬ್ಬರ ಬರುತ್ತೆ, ಸ್ನೇಪ್‌ನಿಂದ ಐಕನ್‌ಗೆ ಹೋಗೋ ದಾರಿ ಆಗ ಅಲ್ಲಲ್ಲಿ ನೀರು, ಕೆಸರು. ಟೈಡ್ ಟೈಮ್ ನೋಡ್ಕೊಂಡು ಹೊರಡಿ, ಒಳ್ಳೆ ಶೂ ಮನೇಲೇ ಬಿಟ್ಟು ಬನ್ನಿ.